ಫಾಲ್ಗುಣದ ಬಿಸಿಲು ಮತ್ತು ಶ್ರಾವಕನ ವ್ರತ

ಕಾರ್ತಿಕ, ಫಾಲ್ಗುಣ, ಆಷಾಢ ಈ ಮೂರು ಮಾಸಗಳ ಶುಕ್ಲಪಕ್ಷದ ಅಷ್ಟಮಿಯಿಂದ ಹುಣ್ಣಿಮೆಯವರೆಗಿನ ದಿನಗಳನ್ನು ದಿಗಂಬರ ಜೈನ ಮನೆತನಗಳು ಅಷ್ಟಾಹ್ನಿಕ ಪರ್ವವೆಂದು ಆಚರಿಸುತ್ತವೆ. ನಂದೀಶ್ವರ ದ್ವೀಪದ ಐವತ್ತೆರಡು ಅಕೃತ್ರಿಮ ಜಿನಾಲಯಗಳನ್ನು ಭಾವದಲ್ಲಿ ನೆಲೆಗೊಳಿಸಿ ಶ್ರಾವಕ ಶ್ರಾವಿಕೆಯರು ಪೂಜೆ, ಸ್ವಾಧ್ಯಾಯ, ಉಪವಾಸಗಳಲ್ಲಿ ಆ ದಿನಗಳನ್ನು ಕಳೆಯುತ್ತಾರೆ. ಈ ಮೂರರಲ್ಲಿ ಫಾಲ್ಗುಣದ ಪರ್ವವು ಶಿಶಿರ ಋತುವಿನ ಕೊನೆಗೆ, ವಸಂತದ ಹೊಸ್ತಿಲಲ್ಲಿ ಬರುವಂಥದು. ಹಗಲು ಬಿಸಿಲೇರಿದರೂ ಇರುಳು ತಂಪಾಗಿರುವ ಕಾಲವಿದು; ಅನ್ನಪಾನಗಳನ್ನು ತ್ಯಜಿಸಿದ ದೇಹವು ರಾತ್ರಿಯಲ್ಲಿ ಚೇತರಿಸಿಕೊಳ್ಳಬಲ್ಲ ಕಾಲ. ವೃದ್ಧರೂ ಧೈರ್ಯದಿಂದ ಉಪವಾಸದ ಸಂಕಲ್ಪ ಮಾಡುತ್ತಿದ್ದುದು ಋತುವಿನ ಮೇಲಿನ ಈ ಭರವಸೆಯಿಂದಲೇ. ಆ ಭರವಸೆ ಈಗ ಸಡಿಲವಾಗುತ್ತಿದೆ.

ಬೀದರ ನಗರವು ಸಮುದ್ರಮಟ್ಟದಿಂದ ಸುಮಾರು ೭೦೦ ಮೀಟರ್ ಎತ್ತರದಲ್ಲಿ, ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ ನೆಲೆಸಿದೆ. ಭಾಲ್ಕಿ, ಔರಾದ್ ಕಡೆಗೆ ಸಾಗಿದಂತೆ ಕಪ್ಪು ಎರೆ ಭೂಮಿ ಹರಡಿಕೊಳ್ಳುತ್ತದೆ. ಮಹಾರಾಷ್ಟ್ರದ ಗಡಿಗೆ ಸಮೀಪವಿರುವ ಠಾಣಾ ಕುಶನೂರ ಈ ಸೀಮೆಯ ಊರು. ಇಲ್ಲಿಯ ಹಿಂಗಾರಿ ಕಡಲೆ, ಬಿಳಿಜೋಳಗಳು ಎರೆ ಮಣ್ಣಿನಲ್ಲಿ ಉಳಿದ ತೇವವನ್ನೂ ಚಳಿಗಾಲದ ತಂಪನ್ನೂ ನಂಬಿ ಬೆಳೆಯುವ ಪೈರುಗಳು. ಕಾಳು ತುಂಬುವ ಹೊತ್ತಿಗೆ ಬಿಸಿಲು ಬೇಗನೆ ಏರಿದರೆ ಕಾಳು ಸಣ್ಣಗಾಗುತ್ತದೆ. ಮಾವಿನ ಹೂವು ಉದುರುತ್ತದೆ. ಬಸದಿಯಲ್ಲಿ ನಂದೀಶ್ವರ ಪೂಜೆ ನಡೆಯುವ ದಿನಗಳಲ್ಲಿಯೇ ಹೊಲದಲ್ಲಿ ಕೊಯ್ಲು, ಕಣದಲ್ಲಿ ರಾಶಿ. ಒಂದೇ ಸೂರ್ಯನ ಕೆಳಗೆ ಒಬ್ಬರು ಸಂಕಲ್ಪದಿಂದ ಬಾಯಾರಿರುತ್ತಾರೆ. ಮತ್ತೊಬ್ಬರು ಕೂಲಿಗಾಗಿ ಬಾಯಾರಿರುತ್ತಾರೆ.

ಬಿಸಿಲು ಹೆಚ್ಚಿತೆಂಬ ಮಾತು ಪ್ರತಿ ತಲೆಮಾರಿನ ಹಿರಿಯರ ಬಾಯಲ್ಲಿಯೂ ಇರುವಂಥದು. ಅಲ್ಲದೆ ಪರ್ವವು ಚಾಂದ್ರಮಾನವನ್ನು ಅನುಸರಿಸುವುದರಿಂದ ಅದರ ದಿನಗಳು ವರ್ಷದಿಂದ ವರ್ಷಕ್ಕೆ ಸರಿಯುತ್ತವೆ. ೨೦೨೩ರಲ್ಲಿ ಫಾಲ್ಗುಣ ಹುಣ್ಣಿಮೆ ಮಾರ್ಚ್ ೭ಕ್ಕೆ ಬಂದಿತ್ತು. ಅಧಿಕಮಾಸವು ನಡುವೆ ಬಂದುದರಿಂದ ೨೦೨೪ರಲ್ಲಿ ಅದು ಮಾರ್ಚ್ ೨೫ಕ್ಕೆ ಹೋಯಿತು. ಹದಿನೆಂಟು ದಿನಗಳ ಈ ಅಂತರದಲ್ಲಿ ಬಿಸಿಲು ಏರುವುದು ಸಹಜವೇ. ಆದ್ದರಿಂದ ಕೇವಲ ನೆನಪಿನ ಮೇಲೆ ತೀರ್ಮಾನ ಮಾಡಲಾಗದು. ಅಳತೆಯ ದಾಖಲೆಯನ್ನು ನೋಡಬೇಕು.

ಭಾರತದ ಹವಾಮಾನ ಇಲಾಖೆಯ ದೇಶವ್ಯಾಪಿ ದಾಖಲೆಗಳು ೧೯೦೧ರಿಂದ ದೊರೆಯುತ್ತವೆ. ಅವುಗಳ ಪ್ರಕಾರ ೨೦೨೨ರ ಮಾರ್ಚ್ ತಿಂಗಳಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣತೆ ೩೩.೧೦ ಡಿಗ್ರಿ ಸೆಲ್ಸಿಯಸ್‌ಗೆ ಏರಿತು; ಅಲ್ಲಿಯವರೆಗಿನ ೧೨೨ ವರ್ಷಗಳಲ್ಲಿ ಅಷ್ಟು ಬಿಸಿಯಾದ ಮಾರ್ಚ್ ಇರಲಿಲ್ಲ. ಆ ತಿಂಗಳ ಮಳೆಯೂ ವಾಡಿಕೆಗಿಂತ ನೂರಕ್ಕೆ ೭೧ರಷ್ಟು ಕಡಿಮೆಯಾಗಿತ್ತು. ಆ ವರ್ಷದ ಅಷ್ಟಾಹ್ನಿಕ ಪರ್ವವು ಮಾರ್ಚ್ ೧೮ರ ಹುಣ್ಣಿಮೆಗೆ ಮುಗಿದಿತು. ಪಶ್ಚಿಮ ಭಾರತದಲ್ಲಿ ಬಿಸಿಗಾಳಿಯ ಮೊದಲ ಅಲೆ ಬೀಸಿದುದೂ ಅದೇ ದಿನಗಳಲ್ಲಿ. ಉತ್ತರ ಭಾರತದ ಗೋಧಿ ಕಾಳುಕಟ್ಟದೆ ಬಾಡಿತು. ಮೇ ೧೩ರಂದು ಕೇಂದ್ರ ಸರಕಾರ ಗೋಧಿಯ ರಫ್ತನ್ನು ನಿಷೇಧಿಸಿತು. ಮರುವರ್ಷದ, ಅಂದರೆ ೨೦೨೩ರ ಫೆಬ್ರುವರಿಯ ಸರಾಸರಿ ಗರಿಷ್ಠ ಉಷ್ಣತೆ ೨೯.೫೪ ಡಿಗ್ರಿ ಮುಟ್ಟಿ ಹಿಂದಿನ ಎಲ್ಲ ಫೆಬ್ರುವರಿಗಳನ್ನು ಮೀರಿತು. ೨೦೨೫ರ ಫೆಬ್ರುವರಿಯಲ್ಲಿ ಹಗಲು ರಾತ್ರಿ ಸೇರಿದ ಸರಾಸರಿ ಉಷ್ಣತೆ ೨೨.೦೪ ಡಿಗ್ರಿಯಾಗಿ, ವಾಡಿಕೆಗಿಂತ ೧.೩೪ ಡಿಗ್ರಿ ಹೆಚ್ಚಿ, ಮತ್ತೊಂದು ದಾಖಲೆ ಉಂಟಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಯಲು ಸೀಮೆಯಲ್ಲಿ ಉಷ್ಣತೆ ಕನಿಷ್ಠ ೪೦ ಡಿಗ್ರಿ ಮುಟ್ಟಿ, ವಾಡಿಕೆಗಿಂತ ೪.೫ ಡಿಗ್ರಿಯಾದರೂ ಹೆಚ್ಚಿದ್ದರೆ ಮಾತ್ರ ಇಲಾಖೆಯು ಅದನ್ನು ಬಿಸಿಗಾಳಿಯೆಂದು ಸಾಮಾನ್ಯವಾಗಿ ಕರೆಯುತ್ತದೆ. ಫೆಬ್ರುವರಿಯ ಒಂದು ದಿನ ವಾಡಿಕೆಗಿಂತ ಐದು ಡಿಗ್ರಿ ಹೆಚ್ಚಾದರೂ ೪೦ ಮುಟ್ಟದಿದ್ದರೆ ಅದಕ್ಕೆ ಆ ಹೆಸರು ದೊರೆಯದು. ಹೆಸರಿಲ್ಲದ ಈ ಬಿಸಿಲು ಬೇಸಗೆಗೆ ಇನ್ನೂ ಒಗ್ಗದ ದೇಹಗಳ ಮೇಲೆ ಬೀಳುತ್ತದೆ. ಮೇ ತಿಂಗಳಲ್ಲಿ ಛತ್ರಿ, ನೀರಿನ ಗಡಿಗೆ, ಮಧ್ಯಾಹ್ನದ ವಿಶ್ರಾಂತಿ ಎಲ್ಲವೂ ಸಿದ್ಧವಾಗಿರುತ್ತವೆ. ಫೆಬ್ರುವರಿಯಲ್ಲಿ ಯಾರೂ ಸಿದ್ಧರಾಗಿರುವುದಿಲ್ಲ.

ಇದರ ಕಾರಣವೇನು? ಮೋಡವಿಲ್ಲದ ಆಕಾಶ, ಭೂಭಾಗದ ಮೇಲೆ ಕೆಳಗಿಳಿದು ಒತ್ತುವ ಒಣ ಗಾಳಿ, ಆವಿಯಾಗಲು ತೇವವಿಲ್ಲದ ಮಣ್ಣು ಇವು ಆಯಾ ವರ್ಷದ ತಾತ್ಕಾಲಿಕ ಕಾರಣಗಳು. ಇವು ಹಿಂದೆಯೂ ಇದ್ದವು. ಆದರೆ ಇವುಗಳ ಅಡಿಯಲ್ಲಿರುವ ಪೀಠವೇ ಈಗ ಮೇಲೇರಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳನ್ನು ಸುಟ್ಟಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಎಂಬ ಅನಿಲವು ಭೂಮಿಯಿಂದ ಹೊರಹೋಗುವ ಉಷ್ಣವನ್ನು ತಡೆಹಿಡಿಯುತ್ತದೆ. ಈ ಅನಿಲ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತೆಂದು ಸ್ವೀಡನ್ನಿನ ವಿಜ್ಞಾನಿ ಅರ‍್ಹೇನಿಯಸ್ ೧೮೯೬ರಲ್ಲಿಯೇ ಲೆಕ್ಕ ಹಾಕಿದ್ದನು. ಕೈಗಾರಿಕಾ ಯುಗಕ್ಕೆ ಮುನ್ನ ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೨೮೦ ಭಾಗವಿದ್ದ ಈ ಅನಿಲವು, ಹವಾಯಿ ದ್ವೀಪದಲ್ಲಿ ನಿತ್ಯದ ಅಳತೆ ಆರಂಭವಾದ ೧೯೫೮ರಲ್ಲಿ ಸುಮಾರು ೩೧೫ ಇತ್ತು. ಈಗ ೪೨೦ನ್ನು ದಾಟಿದೆ. ೨೦೨೪ನೆಯ ವರ್ಷವು ಇಡೀ ಭೂಮಂಡಲದ ಮಟ್ಟಿಗೆ ಕೈಗಾರಿಕಾಪೂರ್ವ ಕಾಲಕ್ಕಿಂತ ಸುಮಾರು ೧.೫೫ ಡಿಗ್ರಿ ಹೆಚ್ಚು ಬಿಸಿಯಾಗಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ತಿಳಿಸಿದೆ. ೨೦೨೨ರ ಮಾರ್ಚ್ ಏಪ್ರಿಲ್ ತಿಂಗಳ ಬಿಸಿಲನ್ನು ಪರಿಶೀಲಿಸಿದ ಹಲವು ದೇಶಗಳ ವಿಜ್ಞಾನಿಗಳ ತಂಡವು, ಮಾನವಕೃತ ತಾಪದಿಂದ ಅಂಥ ಬಿಸಿಲಿನ ಸಂಭವ ಸುಮಾರು ಮೂವತ್ತು ಪಟ್ಟು ಹೆಚ್ಚಿತೆಂದು ನಿರ್ಣಯಿಸಿತು.

ವಿಜ್ಞಾನದ ಮಾತು ಇಲ್ಲಿಗೆ ನಿಂತು ಧರ್ಮದ ಪ್ರಶ್ನೆ ಆರಂಭವಾಗುತ್ತದೆ. ಕೋಟಿ ಕೋಟಿ ಜನರು ತಮ್ಮ ತಮ್ಮ ಸಂಸಾರಕ್ಕಾಗಿ ಹೊತ್ತಿಸಿದ ಬೆಂಕಿಯಿಂದ ಋತುವೇ ಕೆಟ್ಟು, ಹೊಲದಲ್ಲಿ ದುಡಿಯುವವನೂ ಕೊಟ್ಟಿಗೆಯ ದನವೂ ಮರದ ಹಕ್ಕಿಯೂ ನರಳಿದರೆ ಅದನ್ನು ಹಿಂಸೆಯೆನ್ನಬಹುದೇ? ಕೊಲ್ಲಬೇಕೆಂಬ ಸಂಕಲ್ಪ ಇಲ್ಲಿ ಯಾರಿಗೂ ಇಲ್ಲ. ಯಾರ ಬೆಂಕಿಯಿಂದ ಯಾರಿಗೆ ನೋವಾಯಿತೆಂದು ಬೆರಳಿಟ್ಟು ತೋರಿಸಲೂ ಆಗದು. ಗೃಹಸ್ಥನು ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಅಡುಗೆ, ಬೇಸಾಯ, ವ್ಯಾಪಾರಗಳಲ್ಲಿ ಉಂಟಾಗುವ ಆರಂಭೀ, ಉದ್ಯೋಗೀ ಹಿಂಸೆಗಳು ಅವನಿಗೆ ಅನಿವಾರ್ಯ. ಹೀಗಿರುವಾಗ ಹವೆಯ ಬಿಸಿಗೆ ಶ್ರಾವಕನನ್ನು ಹೊಣೆ ಮಾಡುವುದು ನ್ಯಾಯವೇ ಎಂದು ಕೇಳುವವರುಂಟು.

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತದ ಜೊತೆಗೆ ಪ್ರಮಾದವನ್ನು ಮುಖ್ಯವಾಗಿ ಇಟ್ಟಿದ್ದಾರೆ. ದಾರಿಯನ್ನು ನೋಡಿ ಎಚ್ಚರದಿಂದ ನಡೆಯುವವನ ಕಾಲಡಿಯಲ್ಲಿ ಜೀವವೊಂದು ಸಿಕ್ಕಿದರೂ ಅವನು ಹಿಂಸಕನಲ್ಲ. ಎಚ್ಚರವಿಲ್ಲದೆ ನಡೆಯುವವನು, ಯಾವ ಜೀವವೂ ಸಾಯದಿದ್ದರೂ, ಹಿಂಸಕನೇ. ನಿರ್ಣಯವಿರುವುದು ಎಚ್ಚರದಲ್ಲಿ. ಬೆಂಕಿಗೂ ಋತುವಿಗೂ ಇರುವ ಸಂಬಂಧ ತಿಳಿಯದಿದ್ದ ಕಾಲದ ಗೃಹಸ್ಥನಲ್ಲಿ ಅಜ್ಞಾನವಿತ್ತು. ಆ ಸಂಬಂಧ ತಿಳಿದ ಮೇಲೆಯೂ ಅಗತ್ಯವಿಲ್ಲದ ಬೆಂಕಿಯನ್ನು ಉರಿಸುತ್ತಿರುವವನಲ್ಲಿ ಇರುವುದು ಪ್ರಮಾದ. ಕ್ರಿಯೆ ಒಂದೇ, ತಿಳಿವಳಿಕೆ ಅದರ ಸ್ವರೂಪವನ್ನು ಬದಲಿಸಿತು.

ಹಲವರು ಸೇರಿ ಮಾಡಿದುದರಿಂದ ಒಬ್ಬೊಬ್ಬನ ಪಾಲು ಕರಗಿಹೋಗುವುದೆಂಬ ಸಮಾಧಾನಕ್ಕೂ ಶಾಸ್ತ್ರದಲ್ಲಿ ಆಧಾರವಿಲ್ಲ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ಹಿಂಸೆ ಮಾಡುವವರ ಸಂಖ್ಯೆಗೂ ಅದರ ಫಲವನ್ನು ಉಣ್ಣುವವರ ಸಂಖ್ಯೆಗೂ ಸರಿಹೊಂದಿಕೆ ಇರಲೇಬೇಕೆಂದಿಲ್ಲವೆಂದು ವಿವೇಚಿಸಿದ್ದಾರೆ. ಪರಿಣಾಮವು ಭಾವವನ್ನು ಅನುಸರಿಸುವುದೇ ಹೊರತು ತಲೆಯೆಣಿಕೆಯನ್ನಲ್ಲ. ಇದಲ್ಲದೆ ಕೃತ, ಕಾರಿತ, ಅನುಮೋದಿತ ಎಂಬ ವಿಭಾಗವೂ ಇದೆ. ತಾನು ಮಾಡಿದುದು, ಇತರರಿಂದ ಮಾಡಿಸಿದುದು, ಮಾಡಿದವರನ್ನು ಒಪ್ಪಿದುದು ಮೂರೂ ಆಸ್ರವಕ್ಕೆ ದ್ವಾರಗಳು. ರಾಯಚೂರು ಬಳಿಯ ಶಕ್ತಿನಗರದಲ್ಲಿ ೧೯೮೫ರಿಂದ ಕಲ್ಲಿದ್ದಲನ್ನು ಉರಿಸಿ ವಿದ್ಯುತ್ತು ತಯಾರಿಸಲಾಗುತ್ತಿದೆ. ಆ ಸ್ಥಾವರದ ಸಾಮರ್ಥ್ಯ ೧,೭೨೦ ಮೆಗಾವ್ಯಾಟ್. ಇಂದು ರಾಜ್ಯದ ಜಾಲಕ್ಕೆ ಸೂರ್ಯನ ಬೆಳಕಿನಿಂದಲೂ ಗಾಳಿಯಿಂದಲೂ ವಿದ್ಯುತ್ತು ಬರುತ್ತಿದೆ; ಆದರೆ ಸೂರ್ಯ ಮುಳುಗಿದ ಮೇಲೆ ಕಲ್ಲಿದ್ದಲಿನ ಆಸರೆ ಬೇಕಾಗುತ್ತದೆ. ಮನೆಯಲ್ಲಿ ಒಂದು ಗುಂಡಿಯನ್ನು ಒತ್ತಿದವನು ಬೆಂಕಿಯನ್ನು ಕಣ್ಣಿಂದ ಕಾಣುವುದಿಲ್ಲ. ಆದರೂ ಎಲ್ಲಿಯೋ ಅದನ್ನು ಉರಿಸುತ್ತಾನೆ. ಒಲೆಯ ಕಟ್ಟಿಗೆಯಲ್ಲಿ ಇರುವೆಯಿದೆಯೇ ಎಂದು ಕುಟ್ಟಿ ನೋಡಿ ಹೊತ್ತಿಸುತ್ತಿದ್ದ ಮನೆಗಳಲ್ಲಿ ಈ ಕಾಣದ ಒಲೆಯ ವಿಚಾರವೂ ಬರಬೇಕಾದದ್ದು ಸಹಜ.

ಮುನಿಗಳು ಸಹಿಸುವ ಇಪ್ಪತ್ತೆರಡು ಪರೀಷಹಗಳಲ್ಲಿ ಕ್ಷುಧೆ, ಪಿಪಾಸೆ, ಶೀತಗಳ ನಂತರ ಉಷ್ಣವನ್ನು ಎಣಿಸಲಾಗಿದೆ. ದಿನಕ್ಕೊಮ್ಮೆ ಮಾತ್ರ, ನಿಂತು, ಕರಪಾತ್ರದಲ್ಲಿ ಆಹಾರ ಜಲಗಳನ್ನು ಸ್ವೀಕರಿಸಿ ಬರಿಗಾಲಿನಲ್ಲಿ ವಿಹಾರ ಮಾಡುವ ದಿಗಂಬರ ಸಾಧುಗಳಿಗೆ ಫಾಲ್ಗುಣದ ಬಿಸಿಲು ಅಳುಕಿನ ಸಂಗತಿಯಲ್ಲ. ಇದನ್ನು ಮುಂದಿಟ್ಟು, ತಾಪವನ್ನು ಸಹಿಸುವುದೇ ಧರ್ಮವಾಗಿರುವಾಗ ಬಿಸಿಲಿನ ಬಗ್ಗೆ ದೂರುವುದೇಕೆಂದು ಕೆಲವರು ಕೇಳಬಹುದು. ಇಲ್ಲಿಯೇ ವಿವೇಕ ಬೇಕಾಗಿದೆ. ಪರೀಷಹವು ತಪಸ್ಸಾಗುವುದು ಅದನ್ನು ಸ್ವಂತ ಇಚ್ಛೆಯಿಂದ, ಸಮತಾಭಾವದಿಂದ ಸ್ವೀಕರಿಸಿದವನಿಗೆ. ಕಡಲೆ ಕೀಳುವ ಹೆಣ್ಣುಮಗಳು ಯಾವ ಸಂಕಲ್ಪವನ್ನೂ ಮಾಡಿಲ್ಲ. ಬಂಡಿ ಎಳೆಯುವ ಎತ್ತು ಪ್ರತ್ಯಾಖ್ಯಾನ ಹೇಳಿಲ್ಲ. ಅವರ ಬಾಯಾರಿಕೆಯಿಂದ ಅವರಿಗೆ ನಿರ್ಜರೆಯಾಗುವುದೆಂದು ಹೇಳಿ ಸುಮ್ಮನಾಗುವ ಅಧಿಕಾರ ಯಾರಿಗೂ ಇಲ್ಲ. ತನ್ನ ಪಾಲಿನ ತಾಪವನ್ನು ತಾನು ಸಹಿಸುವುದು ತಪಸ್ಸು. ತನ್ನ ಸುಖದ ತಾಪವನ್ನು ಪರರ ಮೇಲೆ ಹೊರಿಸುವುದು ಹಿಂಸೆ. ತಣ್ಣನೆಯ ಗಾಳಿಯ ಯಂತ್ರ ಮಾಡುವುದು ಅಕ್ಷರಶಃ ಇದನ್ನೇ. ಅದು ಉಷ್ಣವನ್ನು ನಾಶ ಮಾಡುವುದಿಲ್ಲ. ಕೋಣೆಯಿಂದ ತೆಗೆದು ಬೀದಿಗೆ ಹಾಕುತ್ತದೆ. ಬೀದಿಯಲ್ಲಿ ನಿಂತವನು ಅದನ್ನು ಉಣ್ಣಬೇಕು.

ಹಾಗಾದರೆ ಉಪವಾಸದಲ್ಲಿರುವ ವೃದ್ಧೆಯ ಕೋಣೆಗೆ ಫ್ಯಾನು ಬೇಡವೇ? ರೋಗಿಗೆ ತಂಪು ಬೇಡವೇ? ಧರ್ಮ ಹಾಗೆ ಹೇಳುವುದಿಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ವಿಧವಾಗಿ ವಿಂಗಡಿಸಿ, ಅದರಲ್ಲಿ ಪ್ರಮಾದಚರ್ಯೆ ಎಂಬುದನ್ನು ವಿವರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದು, ಗಿಡಮರಗಳನ್ನು ಕಡಿಯುವುದು, ಸುಮ್ಮನೆ ಅಲೆಯುವುದು ಅದರಲ್ಲಿ ಸೇರುತ್ತವೆ. ಅಂದು ಹೇಳಿದ ಆ ಪಟ್ಟಿಯನ್ನು ಇಂದು ಓದಿದರೆ ಹವೆಯನ್ನು ಕೆಡಿಸಿದ ಕಾರ್ಯಗಳ ಪಟ್ಟಿಯಂತೆಯೇ ತೋರುತ್ತದೆ. ಅಲ್ಲಿ ಮುಖ್ಯವಾದುದು ‘ಪ್ರಯೋಜನವಿಲ್ಲದೆ’ ಎಂಬ ಅಂಶ. ರೋಗಿಯ ಫ್ಯಾನಿಗೆ ಪ್ರಯೋಜನವಿದೆ. ಜನವಿಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನಿಗೆ ಇಲ್ಲ. ಹೊಲಕ್ಕೆ ನೀರೆತ್ತುವ ಪಂಪಿಗೆ ಪ್ರಯೋಜನವಿದೆ. ಪ್ರತಿಷ್ಠೆಗಾಗಿ ಇರುಳೆಲ್ಲ ಉರಿಯುವ ದೀಪತೋರಣಕ್ಕೆ ಇಲ್ಲ. ಇದೇ ಆಚಾರ್ಯರು ಎಣಿಸಿದ ಗುಣವ್ರತಗಳಲ್ಲಿ ದಿಗ್ವ್ರತವು ಸಂಚಾರಕ್ಕೆ ಎಲ್ಲೆ ಹಾಕುತ್ತದೆ. ಭೋಗೋಪಭೋಗ ಪರಿಮಾಣವ್ರತವು ಬಳಕೆಯ ವಸ್ತುಗಳಿಗೆ ಎಲ್ಲೆ ಹಾಕುತ್ತದೆ. ಪರ್ವದ ಉಪವಾಸವು ಹೊಟ್ಟೆಗೆ ಎಂಟು ದಿನದ ಮಿತಿಯಾದರೆ, ಈ ಗುಣವ್ರತಗಳು ಮನೆಗೆ ವರ್ಷವಿಡೀ ಹಾಕಿದ ಮಿತಿ. ಮೊದಲನೆಯದನ್ನು ವೈಭವದಿಂದ ನಡೆಸಿ ಎರಡನೆಯದನ್ನು ಮರೆತರೆ ವ್ರತವು ಅರ್ಧವಾಗಿಯೇ ಉಳಿಯುತ್ತದೆ.

ಇನ್ನೊಂದು ಆಕ್ಷೇಪವಿದೆ. ಭಾರತದಲ್ಲಿ ತಲಾ ಒಬ್ಬನಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ಈಗಾಗಲೇ ವಾಯುವಿನಲ್ಲಿ ಸಂಚಿತವಾದುದರಲ್ಲಿ ಬಹುಭಾಗ ಶ್ರೀಮಂತ ದೇಶಗಳದು. ಹೀಗಿರುವಾಗ ಗಡಿಯ ಒಂದು ಊರಿನ ಕೆಲವು ಮನೆಗಳು ದೀಪ ಆರಿಸಿದರೆ ಫಾಲ್ಗುಣ ತಂಪಾದೀತೇ? ಆಗುವುದಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ದೇಶದೇಶಗಳ ನಡುವಿನ ಅನ್ಯಾಯವೂ ನಿಜ. ಅದನ್ನು ಸರಕಾರಗಳು ಎತ್ತಿ ಹೇಳಲೇಬೇಕು. ಆದರೆ ತಲಾ ಸರಾಸರಿಯ ಮರೆಯಲ್ಲಿ ಎರಡು ಕಾರಿನ ಮನೆಯೂ ಒಂದು ಬಲ್ಬಿನ ಗುಡಿಸಲೂ ಒಟ್ಟಿಗೆ ಅಡಗುತ್ತವೆ. ಅನುಕೂಲಸ್ಥನು ಬಡವನ ಅಲ್ಪ ಬಳಕೆಯನ್ನು ತನ್ನ ರಕ್ಷೆಗೆ ತರುವುದು ಅಚೌರ್ಯವ್ರತಕ್ಕೂ ಶೋಭಿಸದು. ಮೇಲಾಗಿ ವ್ರತಿಯು ಫಲವನ್ನು ತೂಗಿ ವ್ರತ ಹಿಡಿಯುವವನಲ್ಲ. ಶಲ್ಯವಿಲ್ಲದವನೇ ವ್ರತಿ, ಫಲಾಪೇಕ್ಷೆಯೆಂಬ ನಿದಾನವು ಶಲ್ಯಗಳಲ್ಲೊಂದು. ಲೋಕದಲ್ಲಿ ಹಿಂಸೆ ನಿಲ್ಲುವುದಿಲ್ಲವೆಂದು ಯಾವ ಶ್ರಾವಕನೂ ಅಹಿಂಸಾಣುವ್ರತವನ್ನು ಮುಂದೂಡಿಲ್ಲ. ಲೋಕದ ಲೆಕ್ಕ ಬೇರೆ, ತನ್ನ ಲೆಕ್ಕ ಬೇರೆ.

ಈ ಬಿಸಿಲಿನಲ್ಲಿ ಉಪವಾಸದ ಕ್ರಮವೇನಾಗಬೇಕು ಎಂಬುದು ಮನೆಮನೆಯ ಪ್ರಶ್ನೆ. ಚತುರ್ವಿಧ ಆಹಾರಗಳನ್ನೂ ತ್ಯಜಿಸುವುದು ಉತ್ತಮ. ನೀರನ್ನು ಮಾತ್ರ ಉಳಿಸಿಕೊಳ್ಳುವುದು, ಏಕಭುಕ್ತ ಮಾಡುವುದು ಮೊದಲಾದ ಇಳಿಕೆಯ ಕ್ರಮಗಳೂ ಶ್ರಾವಕಾಚಾರಗಳಲ್ಲಿ ಹೇಳಲ್ಪಟ್ಟಿವೆ. ಷೋಡಶ ಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ಅನುಸಾರವಾಗಿಯೇ ವಿಧಿಸಲಾಗಿದೆ. ಶಕ್ತಿಯೆಂಬುದು ದೇಹವೊಂದರ ಗುಣವಲ್ಲ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳೂ ಅದರಲ್ಲಿ ಸೇರಿವೆ. ಕಾಲವು ಬಿಸಿಯಾದಾಗ ಅದೇ ದೇಹದ ಶಕ್ತಿ ಕಡಿಮೆಯಾಗುತ್ತದೆ. ಬೆವರಿನಿಂದ ಹೋದ ನೀರು ಮರಳದಿದ್ದರೆ ರಕ್ತ ಮಂದವಾಗಿ ಹೃದಯಕ್ಕೂ ಮೂತ್ರಪಿಂಡಕ್ಕೂ ಭಾರವಾಗುವುದೆಂದು ವೈದ್ಯರು ಹೇಳುತ್ತಾರೆ. ಇಳಿವಯಸ್ಸಿನವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಸಂಕಲ್ಪಕ್ಕೆ ಮುನ್ನವೇ ಗುರುಗಳನ್ನೂ ವೈದ್ಯರನ್ನೂ ಕೇಳಿ ನೀರಿಗೆ ಎಡೆಯಿರುವ ವ್ರತವನ್ನು ಹಿಡಿದರೆ ಅದು ಶೈಥಿಲ್ಯವಲ್ಲ. ಹಿಡಿದ ಮೇಲೆ ಮುರಿಯುವುದಕ್ಕಿಂತ ಅಳೆದು ಹಿಡಿಯುವುದು ಮೇಲು. ಅಂಥವರನ್ನು ಪಕ್ಕದ ಮನೆಯ ಕಠಿಣ ಉಪವಾಸದೊಡನೆ ಹೋಲಿಸಿ ನೋಯಿಸುವ ಮಾತು, ಮಾತಾಡಿದವರಿಗೇ ದೋಷವನ್ನು ತರುತ್ತದೆ.

ನೀರಿನ ವಿಷಯದಲ್ಲಿ ಮತ್ತೊಂದು ಸಂಗತಿಯಿದೆ. ನೀರನ್ನು ಗಾಳಿಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರೆರೆದು ಅದೇ ಬಾವಿಗೆ ಮೆಲ್ಲನೆ ಮರಳಿಸುವುದು ಜೈನ ಮನೆಗಳ ಪುರಾತನ ನಿಯಮ. ಬಾವಿ ಬತ್ತಿ ನೀರು ಟ್ಯಾಂಕರಿನಲ್ಲಿ ಬಂದರೆ ಆ ಜೀವಗಳನ್ನು ಎಲ್ಲಿಗೆ ಮರಳಿಸುವುದು? ಬರವೂ ಬಿಸಿಲೂ ಕೂಡಿದಾಗ ಇದು ಕೇವಲ ಊಹೆಯ ಮಾತಾಗಿ ಉಳಿಯುವುದಿಲ್ಲ. ಬೀದರಕ್ಕೆ ಹರಿದು ಬರುವ ಮಾಂಜರಾ ನದಿಯ ಜಲಾಶಯವನ್ನೇ ನಂಬಿದ್ದ ನೆರೆಯ ಲಾತೂರು ನಗರಕ್ಕೆ ೨೦೧೬ರ ಏಪ್ರಿಲ್‌ನಲ್ಲಿ ಮಿರಜಿನಿಂದ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ೨೦೨೩ರಲ್ಲಿ ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರಕಾರ ಘೋಷಿಸಿತು. ಜಲಕಾಯಿಕ ಜೀವಗಳ ದಯೆಗೆ ಗಾಳಿಸುವ ಬಟ್ಟೆಯೊಂದೇ ಸಾಲದು. ಬಾವಿಯಲ್ಲಿ ನೀರೂ ಉಳಿಯಬೇಕು. ಬೀದರದಲ್ಲಿ ಬಹಮನಿಗಳ ಕಾಲದ ಸುರಂಗ ಬಾವಿ ನೆಲದೊಳಗಿನ ತೇವವನ್ನು ಬಿಸಿಲಿಗೆ ಒಡ್ಡದೆ ಊರಿಗೆ ತಂದ ಜಾಣ್ಮೆಗೆ ಸಾಕ್ಷಿಯಾಗಿದೆ. ಹಳೆಯ ಬಾವಿಯ ಹೂಳೆತ್ತಿಸಿ, ಬಸದಿಯ ಮಾಳಿಗೆಯ ಮಳೆನೀರನ್ನು ಅದಕ್ಕೆ ಇಂಗಿಸುವುದು ಇಂದಿನ ದಾನಗಳಲ್ಲಿ ಎಣಿಸತಕ್ಕದ್ದು.

ಮುಂಬರುವ ಫಾಲ್ಗುಣದಲ್ಲಿ ಅಷ್ಟಾಹ್ನಿಕದ ಸಂಕಲ್ಪ ಮಾಡುವ ಮನೆಗಳು ಉಪವಾಸದ ಜೊತೆಗೆ ಇಷ್ಟನ್ನು ಸೇರಿಸಿಕೊಳ್ಳಬಹುದು. ಪಾರಣೆಯ ಭೋಜನ ಸರಳವಾಗಿರಲಿ. ಬಸದಿಯ ಉತ್ಸವದಲ್ಲಿ ಜನರೇಟರು, ದೀಪತೋರಣಗಳ ವೆಚ್ಚವನ್ನು ಕಡಿಮೆ ಮಾಡಿ ಆ ಹಣದಿಂದ ಬೇಸಗೆಯವರೆಗೂ ನಡೆಯುವ ಅರವಟ್ಟಿಗೆಯನ್ನು ಫಾಲ್ಗುಣದಿಂದಲೇ ಆರಂಭಿಸಲಿ; ಅಂಗಳದಲ್ಲಿ ದನಕ್ಕೂ ಹಕ್ಕಿಗೂ ನೀರಿರಲಿ. ತಮ್ಮ ಹೊಲದಲ್ಲಿ ದುಡಿಯುವವರನ್ನು ನಡು ಹಗಲಿನಲ್ಲಿ ಮೂರು ತಾಸು ನೆರಳಿಗೆ ಕಳುಹಿಸಿ, ಅದಕ್ಕಾಗಿ ಕೂಲಿಯನ್ನು ಕಡಿತ ಮಾಡದಿರಲಿ. ಮನೆಯ ವಿದ್ಯುತ್ತು, ಇಂಧನ, ವಾಹನಗಳಿಗೆ ವರ್ಷದ ಪರಿಮಾಣವನ್ನು ಹಾಕಿಕೊಂಡು, ಅದನ್ನು ಹುಣ್ಣಿಮೆಯ ದಿನ ಜಿನಬಿಂಬದ ಮುಂದೆ ಸಂಕಲ್ಪವಾಗಿ ಹೇಳಲಿ. ಜೀವಜೀವಗಳು ಒಂದಕ್ಕೊಂದು ಉಪಕಾರಿಯಾಗಿರುವುದನ್ನು ಸೂತ್ರಕಾರರು ಜೀವದ್ರವ್ಯದ ಕಾರ್ಯವೆಂದೇ ಹೇಳಿದ್ದಾರೆ. ಉಪವಾಸಿಗೆ ಬಾಯಾರಿಕೆ ಏನೆಂದು ತಿಳಿದಿದೆ. ಕಣದಲ್ಲಿ ನಿಂತವನ ಬಾಯಾರಿಕೆಯನ್ನು ಅವನಿಗಿಂತ ಚೆನ್ನಾಗಿ ಬೇರೆ ಯಾರು ಅರಿಯಬಲ್ಲರು?